ಮಸಾಲೆ, ಖಾದ್ಯ ತೈಲ, ಇತ್ಯಾದಿ

ಲೇಬಲ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ‘ಕಾಕಾ, ಈ ಕೆಲಸದಾಗ ಎಲ್ಲಕ್ಕಿಂತ ಕಠಿಣ ಯಾವುದ್ರೀ?’ ಬಣ್ಣ ಹೊಂದಿಸುವುದು ಎಂದು ನಾನು ಹೇಳಲಿ ಎಂಬುದು ಅವರ ಆಸೆ. ಪೊಟ್ಟಣದ ಒಳಗೆ ಏನಿದೆಯೋ ಅದನ್ನು ಪೊಟ್ಟಣದ ಮೇಲೆ ಬರೆಯುವುದು ಎಂದು ನಾನು ಹೇಳುತ್ತೇನೆ. ಅವರು ಮುದುಕನ ಚೇಷ್ಟೆ ಎಂದುಕೊಂಡು ನಗುತ್ತಾರೆ. ನಗಲಿ, ಇನ್ನೂ ವಯಸ್ಸಿದೆ.

ನಾನು ದುಡಿದದ್ದು ಮರಾಠವಾಡಾದ ಗಡಿಯ ನಿಲಂಗಾದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಛಾಪಖಾನೆಯಲ್ಲಿ. ಮುದ್ರಣಾಲಯ ಎಂದರೆ ನಮ್ಮ ಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಛಾಪಖಾನೆ ಎಂದರೆ ಮರಾಠಿಯವರು, ಕನ್ನಡದವರು ಇಬ್ಬರೂ ದಾರಿ ತೋರಿಸುತ್ತಾರೆ. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸೇರಿದೆ, ಕಂಪ್ಯೂಟರಿನ ಕಾಲದಲ್ಲಿ ಬಿಟ್ಟೆ. ಮೊದಮೊದಲು ಮದುವೆ ಕಾರ್ಡು, ತೊಟ್ಟಿಲು ಕಾರ್ಡು, ಚುನಾವಣೆಯ ಪರಚಿ ಚೀಟಿ. ಆಮೇಲೆ ಊರೂರಿಗೆ ಫರಸಾಣ ಅನ್ನುವ ಖಾರದ ತಿಂಡಿಯ ಅಂಗಡಿ, ಹಪ್ಪಳದ ಅಂಗಡಿ, ಮಸಾಲೆಯ ಗಿರಣಿ ಹುಟ್ಟಿಕೊಂಡವು. ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದ ತಿಂಡಿಗೆ ಪ್ಲಾಸ್ಟಿಕ್ ಚೀಲ ಬಂತು, ಚೀಲಕ್ಕೆ ಲೇಬಲ್ ಬೇಕಾಯಿತು. ಉದಗೀರ, ಉಮರ್ಗಾ, ಲೋಹಾರಾ, ಶಿರೂರ ಅನಂತಪಾಳದ ಗಿರಾಕಿಗಳೆಲ್ಲ ನಮ್ಮಲ್ಲಿಗೆ ಬಂದರು. ಮಾಲು ಭಾಲ್ಕಿ, ಆಳಂದದ ಕಡೆಗೂ ಹೋಗುತ್ತಿದ್ದದ್ದರಿಂದ ಕನ್ನಡದಲ್ಲೂ ಬರೆಯುವ ಆಳು ಬೇಕಿತ್ತು, ಆ ಆಳು ನಾನಾದೆ.

ನಮ್ಮ ಮಾಲೀಕ ದಿಗಂಬರ ಶೇಠ. ಮುಖ ನೋಡಿ ಗಿರಾಕಿಯ ಯೋಗ್ಯತೆ ಅಳೆಯುವಂಥ ಮನುಷ್ಯ. ಲೇಬಲ್ಲಿನ ಮೇಲೆ ಯಾವುದು ಎಲ್ಲಿ ಬರಬೇಕು ಎಂಬ ಬಗ್ಗೆ ಅವರಲ್ಲಿ ಒಂದು ಶಾಸ್ತ್ರವೇ ಇತ್ತು. ಮೇಲೆ ದೇವರು. ದೇವರ ಕೆಳಗೆ ಮಾಲಿನ ಹೆಸರು. ಪಕ್ಕದಲ್ಲಿ ಮಾಲು ತಯಾರಿಸಿದವರ ತೀರಿಹೋದ ತಂದೆಯ ಫೋಟೊ. ಆಮೇಲೆ ‘ಶುದ್ಧ’, ‘ಘರಗುತಿ’ ಅಂದರೆ ಮನೆಯಲ್ಲೇ ಮಾಡಿದ್ದು, ‘ಒಮ್ಮೆ ತಿಂದು ನೋಡಿ’ ಎಂಬ ಮೂರು ಸತ್ಯಗಳು. ಇಷ್ಟೆಲ್ಲ ಆಗಿ ಹಿಂಬದಿಯ ಮೂಲೆಯಲ್ಲಿ ಜಾಗ ಉಳಿದರೆ ಅದು ಏನು ಹಾಕಿ ಮಾಡಿದ್ದು ಎಂಬ ಮಾತು. ಜಾಗ ಉಳಿಯದಿದ್ದರೆ ಅಕ್ಷರ ಸಣ್ಣ ಮಾಡುವುದು, ಆಗಲೂ ಹಿಡಿಯದಿದ್ದರೆ ‘ಇತ್ಯಾದಿ’ ಹಾಕುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನಮ್ಮ ಛಾಪಖಾನೆ ಮೂರು ಭಾಷೆಯಲ್ಲಿ, ನಾಲ್ಕು ಬಣ್ಣದಲ್ಲಿ ಮುದ್ರಿಸಿ ಕೊಡುತ್ತಿತ್ತು.

ನಾನು ಒಮ್ಮೆ, ‘ಶೇಠಜೀ, ಇತ್ಯಾದಿ ಅಂದ್ರ ಏನೇನು ಅಂತ ಕೇಳಬೇಕೇನ್ರೀ?’ ಎಂದೆ.

‘ಕಲ್ಲಪ್ಪಾ, ಡೋಕಂ ಲಾವೂ ನಕೋ,’ ಎಂದರು. ತಲೆ ಓಡಿಸಬೇಡ ಎಂದರ್ಥ. ‘ಗಿರಾಕಿ ಏನ ಕೊಡ್ತಾನ ಅದ ಛಾಪಸು. ನಾವು ಅಚ್ಚು ಒತ್ತವರು, ಅಡಗಿ ಮಾಡವರಲ್ಲ.’

ಗಿರಾಕಿಗಳಾದರೂ ಏನು ಕೊಡುತ್ತಿದ್ದರು? ಬೇರೆ ಯಾವನೋ ಮಾಡಿದ ಮಾಲಿನ ಖಾಲಿ ಪೊಟ್ಟಣ. ಅದನ್ನು ಕೌಂಟರಿನ ಮೇಲೆ ಎಸೆದು, ‘ಹಿಂಗ ಸೇಮ್ ಹಾಕ್ರಿ, ಹೆಸರಷ್ಟ ಬದಲ ಮಾಡ್ರಿ,’ ಎನ್ನುತ್ತಿದ್ದರು. ಆ ಯಾವನೋ ಮತ್ತೊಬ್ಬನ ಪೊಟ್ಟಣ ನೋಡಿ ಹಾಕಿಸಿದ್ದ. ಹೀಗೆ ನಮ್ಮ ಸೀಮೆಯ ತಿಂಡಿಗಳಿಗೆಲ್ಲ ಒಂದೇ ವಂಶಾವಳಿ. ಉದಗೀರದ ಒಬ್ಬ ಉಪ್ಪಿನಕಾಯಿಯವನ ನಿಂಬೆಕಾಯಿ ಡಬ್ಬಿಯ ಹಿಂದೆ ಬಹಳ ಕಾಲ ‘ಮಾವಿನಕಾಯಿ, ಉಪ್ಪು, ಖಾದ್ಯ ತೈಲ, ಮಸಾಲೆ, ಇತ್ಯಾದಿ’ ಎಂದೇ ಇತ್ತು. ನಾನು ತೋರಿಸಿದಾಗ ಅವನು ಗಾಬರಿಯಾಗಲಿಲ್ಲ. ‘ನಿಂಬಿಹಣ್ಣ ಇತ್ಯಾದಿ ಒಳಗ ಬರ್ತದಲ್ರೀ,’ ಎಂದ. ಅಂಥ ತರ್ಕಕ್ಕೆ ಎದುರಾಡಲು ಯಾವ ವಿದ್ಯೆಯೂ ಸಾಲದು.

ತಪಾಸಣೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಒಮ್ಮೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಕೈಯಲ್ಲಿ ಸ್ಕೇಲು, ಜೇಬಿನಲ್ಲಿ ಭೂತಗನ್ನಡಿ. ಒಂದೊಂದು ಲೇಬಲ್ಲನ್ನೂ ಬೆಳಕಿಗೆ ಹಿಡಿದು ಅಕ್ಷರದ ಎತ್ತರ ಅಳೆದರು. ಸಸ್ಯಾಹಾರ ಎಂದು ತೋರಿಸುವ ಹಸಿರು ಚುಕ್ಕೆಯ ಚೌಕಟ್ಟು ಒಂದಿಷ್ಟು ಕಿರಿದಾಯಿತೆಂದು ದಿಗಂಬರ ಶೇಠರಿಗೆ ಪಾಠ ಮಾಡಿದರು. ಅವರ ಕೈಯಲ್ಲಿದ್ದದ್ದು ಅದೇ ನಿಂಬೆಕಾಯಿಯ ಲೇಬಲ್. ಅಕ್ಷರದ ಎತ್ತರ ಸರಿಯಾಗಿತ್ತು, ಆದ್ದರಿಂದ ಮಾವಿನಕಾಯಿ ಪಾಸಾಯಿತು. ಸಾಹೇಬರು ಚಹಾ ಕುಡಿದು ಹೋದರು.

ಆ ಹಸಿರು ಚುಕ್ಕೆಯ ಪಾಡಂತೂ ಕೇಳಬೇಡಿ. ನಮ್ಮ ಜನ ಅದನ್ನು ರೈಲಿನ ಹಸಿರು ದೀಪ ಎಂದೇ ತಿಳಿದಿದ್ದಾರೆ. ಚುಕ್ಕೆ ಇದ್ದರೆ ಮಕ್ಕಳು, ಮುದುಕರು, ಬಾಣಂತಿಯರು, ಸಕ್ಕರೆ ಕಾಯಿಲೆಯವರು ಎಲ್ಲರೂ ನುಗ್ಗಬಹುದು.

ಕೆಲಸ ಕಲಿಯುವವರಿಗೆ ಈ ಲೇಬಲ್ ಭಾಷೆಯ ಸ್ವಲ್ಪ ಪರಿಚಯ ಬೇಕು, ಹೇಳಿಬಿಡುತ್ತೇನೆ. ‘ಖಾದ್ಯ ತೈಲ’ ಎಂದರೆ ಆ ವಾರ ಮಾರುಕಟ್ಟೆಯಲ್ಲಿ ಸೋವಿಯಾಗಿ ಸಿಕ್ಕ ಎಣ್ಣೆ. ‘ಮಸಾಲೆ’ ಎಂದರೆ ಮಾಡಿದವರ ಮನಸ್ಸು. ಇಂಗಿನ ಡಬ್ಬಿಯ ಮೇಲೆ ‘ಇಂಗು’ ಎಂದಿದ್ದರೂ ಒಳಗೆ ಹೆಚ್ಚಿನ ಪಾಲು ಗೋದಿಹಿಟ್ಟೋ ಅಂಟೋ ಇರುತ್ತದೆ. ಗೋದಿ ಒಗ್ಗದ ಮನುಷ್ಯ ಜೋಳದ ರೊಟ್ಟಿಯನ್ನೇ ಉಂಡು, ಮೇಲೆ ಇಂಗಿನ ಒಗ್ಗರಣೆಯ ಸಾರು ಸುರಿದುಕೊಂಡು ಹೊಟ್ಟೆ ಹಿಡಿದುಕೊಳ್ಳುತ್ತಾನೆ. ‘ಎಮಲ್ಸಿಫೈಯರ್’ ಎಂದು ಬರೆದು ಪಕ್ಕದಲ್ಲಿ ಒಂದು ನಂಬರು ಕೊಟ್ಟಿದ್ದರೆ ಅದು ಸೋಯಾದಿಂದ ತೆಗೆದದ್ದಿರಬಹುದು. ಸುತ್ತಲೂ ಹೊಲದ ತುಂಬ ಸೋಯಾ ಬೆಳೆಯುವ ನಮಗೇ ಆ ನಂಬರಿನಲ್ಲಿ ಅದರ ಗುರುತು ಹತ್ತುವುದಿಲ್ಲ. ‘ನೈಸರ್ಗಿಕ ಸುವಾಸನೆ’ ಎಂಬುದನ್ನು ನಾನು ಎಷ್ಟೋ ಸಾರಿ ಬರೆದಿದ್ದೇನೆ, ಯಾವ ನಿಸರ್ಗದ್ದು ಎಂದು ಬರೆಸಿದವರೂ ಹೇಳಲಿಲ್ಲ. ಇನ್ನು ದೊಡ್ಡ ಕಂಪನಿಗಳ ಪೊಟ್ಟಣದ ಮೇಲೆ ‘ಕಾಳುಗಳ ಅಂಶ ಇರಬಹುದು’ ಎಂದಿರುತ್ತದೆ. ಇರಬಹುದು, ಇಲ್ಲದೆಯೂ ಇರಬಹುದು. ಇದಕ್ಕೇ ಹಿರಿಯರು ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದದ್ದು. ಒಂದೇ ವ್ಯತ್ಯಾಸವೆಂದರೆ ಈ ದೀಪಕ್ಕೆ ಯಾವ ಎಣ್ಣೆ ಎಂಬುದೂ ಗೊತ್ತಿಲ್ಲ.

ನಾವು ಮಾಡುತ್ತಿದ್ದ ಲೇಬಲ್ಲುಗಳಲ್ಲಿ ನೂರಕ್ಕೆ ನೂರು ಸತ್ಯವಾದ ಒಂದೇ ಸಾಲು ಇತ್ತು. ಕಟ್ಟಕಡೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ನಮ್ಮ ಛಾಪಖಾನೆಯ ಹೆಸರು ಮತ್ತು ಫೋನ್ ನಂಬರು. ದಿಗಂಬರ ಶೇಠರಿಗೆ ಫೋನ್ ಎತ್ತುವುದು ಬೇಸರ, ಆದ್ದರಿಂದ ಅಲ್ಲಿ ನನ್ನ ಮೊಬೈಲ್ ನಂಬರು ಹಾಕಿಸಿದ್ದರು. ಮಾಲು ಮಾಡಿದವರ ನಂಬರು ಹೆಚ್ಚಾಗಿ ಹತ್ತುತ್ತಿರಲಿಲ್ಲ. ಅದೂ ಯಾವುದೋ ಹಳೆಯ ಪೊಟ್ಟಣದಿಂದ ಬಂದದ್ದಲ್ಲವೇ. ಹೀಗಾಗಿ ಸೇವು ಮೆತ್ತಗಾಗಿದೆ, ಖಾರ ಹೆಚ್ಚಾಗಿದೆ, ಚಕ್ಕುಲಿಯಲ್ಲಿ ಕೂದಲು ಬಂದಿದೆ ಎಂಬ ದೂರೆಲ್ಲ ನನ್ನ ಕಿವಿಗೇ ಬರುತ್ತಿತ್ತು. ‘ಅಕ್ಷರ ತಪ್ಪಾಗಿದ್ರ ಹೇಳ್ರೀ, ಕೂದಲು ನಮ್ಮದಲ್ಲ’ ಎಂದು ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆ.

ಶೈಲಾ ಎಂಬ ಟೀಚರ್ ಮೊದಲ ಸಾರಿ ಫೋನ್ ಮಾಡಿದಾಗಲೂ ಅದನ್ನೇ ಹೇಳಿದೆ. ಆಕೆ ಫೋನ್ ಇಟ್ಟು, ಮರುದಿನ ಖುದ್ದಾಗಿ ಛಾಪಖಾನೆಗೆ ಬಂದಳು.

ಭಾಲ್ಕಿಯ ಕಡೆಯ ಹೆಣ್ಣುಮಗಳು. ಶಿರೂರ ಅನಂತಪಾಳಕ್ಕೆ ಕೊಟ್ಟಿದ್ದರು, ಅಲ್ಲಿನ ಶಾಲೆಯಲ್ಲಿ ಕಲಿಸುತ್ತಿದ್ದಳು. ಕೌಂಟರಿನ ಮೇಲೆ ಒಂದು ಬಾಕರವಡಿಯ ಖಾಲಿ ಪೊಟ್ಟಣ ಇಟ್ಟಳು. ಹಿಟ್ಟಿನ ಹಾಳೆಗೆ ಮಸಾಲೆ ಬಳಿದು, ಸುರುಳಿ ಸುತ್ತಿ, ತುಂಡು ಮಾಡಿ ಕರಿಯುತ್ತಾರಲ್ಲ, ಅದು. ಉಮರ್ಗಾದ ಸುಶೀಲಾಕಾಕು ಎಂಬುವರ ಮಹಿಳಾ ಬಚತ ಗಟ, ಅಂದರೆ ಹೆಂಗಸರ ಉಳಿತಾಯದ ಗುಂಪು, ಅದನ್ನು ಮಾಡುತ್ತಿತ್ತು. ಲೇಬಲ್ ನನ್ನದೇ.

‘ಇದನ್ನ ಓದ್ರಿ ಕಾಕಾ,’ ಎಂದಳು.

ನಾನು ಓದಿದೆ. ‘ಮೈದಾ, ಕಡಲೆಹಿಟ್ಟು, ಖಾದ್ಯ ತೈಲ, ಮಸಾಲೆ, ಉಪ್ಪು, ಇತ್ಯಾದಿ.’

‘ಶೇಂಗಾ ಅಂತ ಎಲ್ಲ್ಯಾರ ಅದ ಏನ್ರೀ?’

‘ಇಲ್ಲ ತಂಗಿ.’

‘ನಾ ಭೀ ಇಲ್ಲಂತ ಓದೇ ಕೊಟ್ಟೀನ್ರೀ. ಒಂದ ತುಣಕ ತಿಂದ್ಳು ನನ್ನ ಮಗಳು. ತುಟಿ ಬಾತ್ವು, ದನಿ ಹೋತು, ಉಸರ ತಗೊಳ್ಳಾಕ ಬರವಲ್ದು. ಲಾತೂರ ದವಾಖಾನಿಗಿ ಹೋಗೂತನಕ ಜೀಪಿನಾಗ ಆಕೀ ಎದಿ ಮ್ಯಾಲ ಕೈ ಇಟಕೊಂಡೇ ಕುಂತಿದ್ದೆ.’

ಮಗಳ ಹೆಸರು ಗೌರಿ. ಆಗಷ್ಟೇ ಒಂದನೇ ಇಯತ್ತೆಗೆ ಸೇರಿದ್ದಳು. ಶೇಂಗಾ ಅವಳ ಮೈಗೆ ಆಗುವುದಿಲ್ಲ ಎಂಬುದು ಹಿಂದೆಯೇ ತಿಳಿದಿತ್ತು. ಡಾಕ್ಟರು, ‘ಶೇಂಗಾ ಒಂದು ಕಣವೂ ಬೇಡ, ಪ್ರತಿಯೊಂದು ಪೊಟ್ಟಣದ ಲೇಬಲ್ ಓದಿ ಕೊಡಿ’ ಎಂದು ಹೇಳಿ ಕಳಿಸಿದ್ದರು. ಮರಾಠವಾಡಾದಲ್ಲಿದ್ದುಕೊಂಡು ಶೇಂಗಾ ಬಿಡು ಎಂದರೆ ಉಸಿರಾಡು, ಆದರೆ ಗಾಳಿ ಮಾತ್ರ ಬೇಡ ಎಂದಂತೆ. ಅದಿರಲಿ, ಲೇಬಲ್ ಓದಿ ಎಂದರಲ್ಲ, ಆ ಡಾಕ್ಟರಿಗೆ ನಮ್ಮ ಛಾಪಖಾನೆಯ ಪರಿಚಯ ಇರಲಿಲ್ಲ ಎಂದು ಕಾಣುತ್ತದೆ.

ಮನೆಯಲ್ಲಿ ಅತ್ತೆ ‘ಹಸಿರು ಚುಕ್ಕಿ ಅದಲಾ, ಏನಾಗ್ತದ ಕೊಡು’ ಎನ್ನುತ್ತಿದ್ದರಂತೆ. ಶಾಲೆಯಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಗೌರಿಯನ್ನು ಬೇರೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅವಳ ತಾಯಿಯೇ ಕೂರಿಸುತ್ತಿದ್ದಳು.

‘ನಾ ಯಾರ ಮ್ಯಾಲೂ ತಕರಾರು ಮಾಡಾಕ ಬಂದಿಲ್ಲರೀ,’ ಎಂದಳು ಶೈಲಾ. ‘ಎಲ್ಲಾ ಹುಡುಗರು ಅಂಗಡಿದು ಒಂದೊಂದು ಪುಡಿಕಿ ತಂದು ಹಂಚಿ ತಿಂತಾವ. ನನ್ನ ಮಗಳ ಕೈಯಾಗ ಅಂಥದೊಂದು ಪುಡಿಕಿ, ಒಂದೇ ಒಂದು, ಅಂಜಿಕಿ ಇಲ್ದಂಗ ಇಡಬೇಕು ನಾ. ಇದರಾಗ ಏನ ಹಾಕ್ತಾರ ಅಂತ ನನಗ ತಿಳಕೊಂಡು ಹೇಳ್ರಿ. ನೀವ ಬರದಿದ್ದು ನಿಮಗ ಗೊತ್ತಿರಬೇಕಲ್ರೀ?’

ಒಳಗಿನಿಂದ ದಿಗಂಬರ ಶೇಠರು ಕೆಮ್ಮಿದರು. ತಲೆ ಓಡಿಸಬೇಡ ಎನ್ನುವ ಕೆಮ್ಮು. ನಾನು ತಲೆ ಓಡಿಸಲಿಲ್ಲ; ಎಸ್‌ಟಿ ಬಸ್ಸು ಹತ್ತಿ ಉಮರ್ಗಾಕ್ಕೆ ಹೋದೆ.

ಸುಶೀಲಾಕಾಕು ಆಳಂದದ ಕಡೆಯಿಂದ ಮದುವೆಯಾಗಿ ಬಂದವರು. ಕೈ ತುಂಬ ಹಸಿರು ಬಳೆ, ಬಾಯಿ ತುಂಬ ಮಾತು. ನಾನು ಕೂತೊಡನೆ ತಾಟು ತುಂಬ ಬಾಕರವಡಿ ತಂದಿಟ್ಟರು. ನಾನು ಮೊದಲು ಪ್ರಶ್ನೆ ಕೇಳಿದೆ.

‘ಕಾಕು, ಇದರಾಗ ಶೇಂಗಾ ಹಾಕ್ತೀರೇನು?’

‘ಶಿವ ಶಿವಾ! ಯಾರ ಹೇಳಿದ್ರು? ಬಾಕರವಡಿಗಿ ಯಾರರ ಶೇಂಗಾ ಹಾಕ್ತಾರೇನ್ರೀ? ಕೊಬ್ಬರಿ, ಎಳ್ಳು, ಖಸಖಸಿ, ಧನಿಯಾ, ಖಾರಪುಡಿ. ಬೇಕಾರ ಒಳಗ ಬಂದು ನೋಡ್ರಿ.’

ಒಳಗೆ ಹೋದೆ. ಅಡುಗೆಮನೆ ಕನ್ನಡಿಯಂತಿತ್ತು. ನಾಲ್ಕಾರು ಹೆಂಗಸರು ಹಿಟ್ಟು ಲಟ್ಟಿಸುತ್ತಿದ್ದರು. ಕಾಕು ನನ್ನೆದುರೇ ಮಸಾಲೆ ಕಲಸಿ ತೋರಿಸಿದರು. ಕೊಬ್ಬರಿ ಬಂತು, ಎಳ್ಳು ಬಂತು, ಹೇಳಿದ್ದೆಲ್ಲ ಬಂತು. ಶೇಂಗಾ ಬರಲಿಲ್ಲ. ಕೊನೆಗೆ ಅವರು ಮಾತಾಡುತ್ತಲೇ, ನೋಡದೆಯೇ, ಉಪ್ಪಿನ ಡಬ್ಬಿಯ ಪಕ್ಕದ ಡಬ್ಬಿಗೆ ಕೈ ಹಾಕಿ ಒಂದು ಮುಷ್ಟಿ ಬಿಳಿ ಪುಡಿ ಉದುರಿಸಿದರು.

‘ಅದೇನು ಕಾಕು?’

‘ಯಾವುದು?’

‘ಈಗ ಹಾಕಿದ್ರಲ್ಲ.’

‘ಅದಾ? ಕೂಟ.’

ನಮ್ಮ ಕಡೆಯ ಯಾವ ಅಡುಗೆಮನೆಗೆ ಹೋದರೂ ಕೂಟದ ಡಬ್ಬಿ ಇರುತ್ತದೆ. ಶೇಂಗಾ ಹುರಿದು, ಸಿಪ್ಪೆ ತೆಗೆದು, ತರಿತರಿಯಾಗಿ ಕುಟ್ಟಿಟ್ಟ ಪುಡಿ. ಪಲ್ಯಕ್ಕೆ ಒಂದು ಚಿಟಿಕೆ, ಸಾರಿಗೆ ಒಂದು ಚಮಚ, ಕೋಸಂಬರಿಗೆ ಒಂದು ಹಿಡಿ. ಅದನ್ನು ಯಾರೂ ‘ಹಾಕುವ’ ಪದಾರ್ಥ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈ ತಾನೇ ಹೋಗುತ್ತದೆ.

‘ಕೂಟ ಶೇಂಗಾದ್ದಲ್ಲೇನ್ರೀ?’ ಎಂದೆ.

‘ಹೌದು, ಮತ್ತ?’ ಕಾಕು ನನ್ನನ್ನು ಮಂಕನೆಂಬಂತೆ ನೋಡಿದರು. ‘ಎಣ್ಣಿ ಹೀರಕೊಂಡು ಮಸಾಲಿ ಗಟ್ಟಿ ಕುಂದರ್ತದ, ಅದಕ ಹಾಕೋದು. ಅದನ್ನ ಏನ ಹೇಳೋದು? ಉಪ್ಪ ಹಾಕೀನಿ, ನೀರ ಹಾಕೀನಿ, ಒಲಿ ಹಚ್ಚೀನಿ ಅಂತ ಯಾರರ ಹೇಳ್ತಾರೇನು?’

ಗೌರಿಯ ಸಂಗತಿ ಹೇಳಿದೆ. ಕಾಕು ಕೂತಲ್ಲೇ ಕೂತರು. ಲಟ್ಟಿಸುವ ಕೈಗಳೂ ನಿಂತವು. ‘ಅಯ್ಯ ಕೂಸೇ’ ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎದ್ದು ಕಣ್ಣು ಒರೆಸಿಕೊಂಡು, ‘ಆ ಕೂಸಿಗಿ ನಾನೇ ಮಾಡಿ ಕೊಡ್ತೀನಿ. ಕೂಟ ಮುಟ್ಟಂಗಿಲ್ಲ. ಒಳಕಲ್ಲು ಹೊಸಾದು ತರ್ತೀನಿ, ಲಟ್ಟಣಗಿ ಹೊಸಾದು. ತಾಯಿಗಿ ಕರಕೊಂಡ ಬರ್ರಿ, ಕಣ್ಣಾರೆ ನೋಡಲಿ,’ ಎಂದರು.

ಒಂದು ರವಿವಾರ ಎಲ್ಲರೂ ಉಮರ್ಗಾದಲ್ಲಿ ಸೇರಿದೆವು. ಗೌರಿ ಎರಡು ಜಡೆಯ, ಕಣ್ಣರಳಿಸಿ ನೋಡುವ ಹುಡುಗಿ. ಕಾಕು ಮಾತಿನಂತೆ ಒಳಕಲ್ಲು, ಪರಾತ, ಲಟ್ಟಣಿಗೆ ಎಲ್ಲ ಹೊಸದು ತಂದಿದ್ದರು. ಕೂಟದ ಡಬ್ಬಿಯನ್ನು ನೆರೆಮನೆಗೆ ಕಳಿಸಿದ್ದರು. ಶೈಲಾ ಹೊಸ್ತಿಲ ಬಳಿ ನಿಂತು ಒಂದೊಂದನ್ನೂ ನೋಡಿದಳು. ಮಸಾಲೆ ಕುಟ್ಟಿದರು, ಹಾಳೆ ಹರಡಿದರು, ಸುತ್ತಿದರು, ಕತ್ತರಿಸಿದರು. ಹಿತ್ತಲಿನ ಒಲೆಯ ಮೇಲೆ ಎಣ್ಣೆ ಆಗಲೇ ಕಾದಿತ್ತು. ನಾನು ಜಗಲಿಯಲ್ಲಿ ಕೂತು ಹೊಸ ಲೇಬಲ್ಲಿಗೆ ಸಾಲು ಬರೆಯುತ್ತಿದ್ದೆ. ಈ ಸಾರಿ ‘ಮಸಾಲೆ’ ಎಂದು ಬರೆಯದೆ ಕೊಬ್ಬರಿ, ಎಳ್ಳು, ಖಸಖಸೆ ಎಂದು ಬಿಡಿಸಿ ಬರೆದೆ. ಭಾರಿ ಸುಧಾರಣೆ ಮಾಡಿದವನ ಹಾಗೆ ನನಗೇ ನಾನು ಹೆಮ್ಮೆಪಟ್ಟುಕೊಳ್ಳುತ್ತಿದ್ದೆ.

ಕಾಕು ಬಿಸಿ ಬಾಕರವಡಿ ತಂದು ಗೌರಿಯ ಮುಂದಿಟ್ಟರು. ‘ತಿನ್ನು ನನ್ನ ಬಂಗಾರ.’ ಗೌರಿ ತಾಯಿಯ ಮುಖ ನೋಡಿದಳು. ತಾಯಿ ಹೂಂ ಎಂದಳು. ಹುಡುಗಿ ಒಂದು ತುಂಡು ಎತ್ತಿಕೊಂಡು ಊದತೊಡಗಿದಳು.

ಶೈಲಾಳ ಕಣ್ಣು ನನ್ನ ಹಾಳೆಯ ಮೇಲೆ ಬಿತ್ತು. ಅಲ್ಲಿ ನನ್ನ ಕೈ ತನ್ನ ರೂಢಿಯಂತೆ ‘ಖಾದ್ಯ ತೈಲ’ ಎಂದು ಬರೆದಿತ್ತು.

‘ಕಾಕು,’ ಎಂದಳು, ‘ಎಣ್ಣಿ ಯಾವುದ್ರೀ?’

ಕಾಕು ಹೆಮ್ಮೆಯಿಂದ ಸೆರಗು ಸರಿ ಮಾಡಿಕೊಂಡರು. ‘ಎಳೀ ಕೂಸಿಗಿ ಆ ಹಾಳ ಪಾಮ್ ಎಣ್ಣಿ ಕೊಡ್ಲಾ ನಾ? ಖಾಸ ಗಾಣದಾಗ ಹಿಂಡಿಸಿ ತರಿಸೀನಿ. ಶುದ್ಧ ಶೇಂಗಾ ಎಣ್ಣಿ.’

‘ಗೌರಿ, ಕೆಳಗ ಇಡು!’

ಶೈಲಾ ಕೂಗಿದ ದನಿಗೆ ಹಿತ್ತಲಿನ ಕಾಗೆಗಳು ಎದ್ದವು. ತುಂಡು ಹುಡುಗಿಯ ತುಟಿಯ ಹತ್ತಿರ ಇತ್ತು. ಅವಳು ಅಲ್ಲಿಂದಲೇ ಅದನ್ನು ತಾಟಿಗೆ ವಾಪಸು ಇಟ್ಟಳು. ಹಟ ಮಾಡಲಿಲ್ಲ, ಅಳಲಿಲ್ಲ. ಎಣ್ಣೆಗೈಯನ್ನು ಲಂಗಕ್ಕೆ ಒರೆಸದೆ ದೂರ ಹಿಡಿದುಕೊಂಡು ತಾಯಿ ತೊಳೆಯಲೆಂದು ಕಾದು ನಿಂತಳು. ಅವಳಿಗೆ ಅದು ರೂಢಿಯಾಗಿತ್ತು.

ಶೈಲಾ ನಲ್ಲಿಯ ಕೆಳಗೆ ಮಗಳ ಕೈ, ಬಾಯಿ ತೊಳೆದಳು. ಆಮೇಲೆ ಮಧ್ಯಾಹ್ನದವರೆಗೆ ನಾವೆಲ್ಲ ಆ ಹುಡುಗಿಯ ತುಟಿಯನ್ನೇ ನೋಡುತ್ತ ಕೂತೆವು. ಅಷ್ಟು ಹೆದರಿಕೆ ನನಗೆ ನನ್ನ ಸ್ವಂತ ಜೀವದ ಬಗ್ಗೆ ಎಂದೂ ಆದದ್ದಿಲ್ಲ. ಏನೂ ಆಗಲಿಲ್ಲ. ಗೌರಿ ಬೇಸರ ಬಂದು ಕಾಕುವಿನ ಬಳೆ ಎಣಿಸತೊಡಗಿದಳು. ಕಾಕು ಮಾತ್ರ ಅಳುತ್ತಲೇ ಇದ್ದರು. ‘ಎಣ್ಣಿ ಅಂದ್ರ ಎಣ್ಣಿ, ಅದರಾಗ ಕಾಳ ಎಲ್ಲಿ ಇರ್ತದ ಅನಕೊಂಡೆ ನಾ. ಪ್ರೀತಿ ಮಾಡಾಕ ಹೋಗಿ ಕೂಸಿನ ಕೊಲ್ತಿದ್ನಲ್ಲ ಯವ್ವಾ.’

ಶೈಲಾ ಅವರ ಪಕ್ಕ ಕೂತಳು. ‘ನೀವೊಬ್ಬರೇ ಅಲ್ಲರೀ ಕಾಕು. ಆಕೀ ಮ್ಯಾಲ ಪ್ರೀತಿ ಇದ್ದವರೆಲ್ಲ ಶೇಂಗಾನೇ ತರ್ತಾರ. ನಮ್ಮತ್ತಿ ಉಂಡಿ ಕಟ್ಟಿದ್ರು, ನಮ್ಮವ್ವ ಹೋಳಿಗಿ ಮಾಡಿದ್ಳು. ವೈರಿ ಇದ್ದವ್ರು ಏನೂ ಕೊಡಂಗಿಲ್ಲ, ಅವ್ರದೇ ಚಲೋ.’

ಆ ಮಾತಿಗೆ ಕಾಕು ಅಳುತ್ತಲೇ ನಕ್ಕರು. ಶೈಲಾಳೂ ನಕ್ಕಳು.

ಮುಂದಿನ ಸಾರಿ ಕಾಕು ಹೊಸ ಕಡಾಯಿ ತಂದು, ತಮ್ಮ ಕಣ್ಣೆದುರೇ ಕುಸುಬೆ ಹಿಂಡಿಸಿ, ಆ ಎಣ್ಣೆಯಲ್ಲಿ ಕರಿದರು. ಶೇಂಗಾ ಹಿಂಡಿದ ಗಾಣದಲ್ಲೇ ಕುಸುಬೆ ಹಿಂಡಬಾರದೆಂದು ಗಾಣದವನ ಜೊತೆ ಜಗಳಾಡಿ ಬೇರೆ ಗಾಣ ಹುಡುಕಿದರಂತೆ. ಶೈಲಾ ಅದನ್ನು ಮೊದಲು ಡಾಕ್ಟರ ಬಳಿ ಒಯ್ದು, ಅವರೆದುರಿಗೇ ಚೂರು ಚೂರಾಗಿ ಮಗಳಿಗೆ ಕೊಟ್ಟಳು. ಒಗ್ಗಿತು. ಮರುವಾರ ಗೌರಿ ತನ್ನ ಪುಡಿಕೆ ಹಿಡಿದುಕೊಂಡು ಎಲ್ಲರ ಬೆಂಚಿನ ಮೇಲೆ ಕೂತಳು ಎಂದು ತಾಯಿ ಫೋನ್ ಮಾಡಿ ಹೇಳಿದಳು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಬಂದ, ಕೂದಲು ಗೀದಲಿನ ದೂರಲ್ಲದ ಮೊದಲ ಫೋನು ಅದು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪಾಠದ ಪುಸ್ತಕಕ್ಕೆ ಹೋಗುತ್ತಿತ್ತು. ಆದರೆ ನಮ್ಮ ಸೀಮೆಯಲ್ಲಿ ಯಾವುದೂ ಇಲ್ಲಿಗೆ ನಿಲ್ಲುವುದಿಲ್ಲ.

ಗೌರಿಗೆಂದು ಮಾಡುವುದು ಬೇರೆ, ಪೇಟೆಗೆ ಹೋಗುವುದು ಬೇರೆ. ಪೇಟೆಯ ಮಾಲಿಗೆ ಕೂಟ ಹಾಕುವುದನ್ನು ಗುಂಪಿನ ಹೆಂಗಸರು ಬಿಡಲಿಲ್ಲ. ರುಚಿ ಕೆಡುತ್ತದೆ ಎಂದರು. ಹಾಗಿದ್ದರೆ ಬರೆದುಬಿಡೋಣ ಎಂದೆ. ಕಾಕು ಒಪ್ಪಿದರು. ಪೊಟ್ಟಣದ ಮುಂಭಾಗದಲ್ಲಿ, ದೇವರ ಪಕ್ಕದಲ್ಲೇ, ಕೆಂಪು ಡಬ್ಬಿಯಂಥ ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ಹಾಕಿದೆ: ‘ಇದರಲ್ಲಿ ಶೇಂಗಾ ಇದೆ.’

ದಿಗಂಬರ ಶೇಠರು ತಲೆ ಚಚ್ಚಿಕೊಂಡರು. ‘ಗಿರಾಕಿಗಿ ಮುಳಗಸ್ತಿ ನೀ. ಧೋಕಾ ಅದ ಅಂತ ಕೆಂಪ ಬಾವಟಿ ಹಚ್ಚಿದ್ರ ಯಾರ ತಗೊತಾರ?’

ಲೋಹಾರಾದ ಸಂತೆಯಲ್ಲಿ ಆ ಪೊಟ್ಟಣ ಮೊದಲು ಇಳಿಯಿತು. ನಾನು ನೋಡಲೆಂದೇ ಹೋಗಿದ್ದೆ. ಸಾಸ್ತೂರಿನ ಕಡೆಯ ಒಬ್ಬ ಅಜ್ಜಿ ಮೊಮ್ಮಗನಿಂದ ಕೆಂಪಕ್ಷರ ಓದಿಸಿದಳು. ಮುಖ ಅರಳಿತು. ‘ಹೌದಾ? ಶೇಂಗಾ ಭೀ ಹಾಕ್ಯಾರಾ? ಮತ್ತ ಉಳದವ್ರೆಲ್ಲ ಬರೇ ಹಿಟ್ಟ ಸುತ್ತಿ ಕೊಡ್ಲಿಕತ್ತಾರ. ಇದೇ ಕೊಡಪಾ, ಎರಡ ಕೊಡು.’ ಸಂಜೆಯೊಳಗೆ ಮಾಲು ಮುಗಿಯಿತು.

ಎಚ್ಚರಿಕೆಯ ಮಾತನ್ನು ಜನ ಜಾಹೀರಾತು ಮಾಡಿಕೊಂಡರು. ಅವರನ್ನು ಹೇಗೆ ಬಯ್ಯುವುದು? ಶೇಂಗಾ ಎಂದರೆ ಹೆದರಬೇಕು ಎಂದು ಆ ಅಜ್ಜಿಗೆ ಯಾರು ಹೇಳಿದ್ದರು.

ಆಮೇಲೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಕೌಂಟರಿಗೆ ಸಾಲುಗಟ್ಟಿದರು. ಸೇವಿನವರು, ಚಕ್ಕುಲಿಯವರು, ಖಾರಾ ಬುಂದಿಯವರು, ಎಲ್ಲರ ಕೈಯಲ್ಲೂ ಕಾಕುವಿನ ಖಾಲಿ ಪೊಟ್ಟಣ. ‘ಹಿಂಗ ಕೆಂಪ ಡಬ್ಬಿ ನಮಗ ಭೀ ಬೇಕು.’ ಉದಗೀರದ ನಿಂಬೆಕಾಯಿಯವನೂ ಬಂದ. ‘ನಿನ್ನ ಉಪ್ಪಿನಕಾಯಾಗ ಶೇಂಗಾ ಎಲ್ಲದಪಾ?’ ಎಂದೆ. ಅವನು ಬಹಳ ವಿಚಾರ ಮಾಡಿ, ‘ಇಲ್ಲರೀ. ಹಾಕಬೇಕೇನು?’ ಎಂದು ಕೇಳಿದ. ನಾನು ಕೆಂಪಕ್ಷರ ಹಾಕಲು ಒಪ್ಪಲಿಲ್ಲ. ಅವನು ಎದುರಿನ ಓಣಿಯ ಛಾಪಖಾನೆಗೆ ಹೋಗಿ ಹಾಕಿಸಿಕೊಂಡ. ಸ್ಕೇಲಿನ ಸಾಹೇಬರು ಮತ್ತೊಮ್ಮೆ ಬಂದು ಕೆಂಪಕ್ಷರದ ಎತ್ತರ ಅಳೆದು ಬಹಳ ಮೆಚ್ಚಿಕೊಂಡರು.

ಮೊದಲು ಶೇಂಗಾ ಇದ್ದರೂ ಯಾರೂ ಬರೆಯುತ್ತಿರಲಿಲ್ಲ. ಈಗ ಇಲ್ಲದಿದ್ದರೂ ಬರೆಯುತ್ತಾರೆ. ಶೈಲಾಳ ಪಾಲಿಗೆ ಎರಡೂ ಒಂದೇ. ಮೊದಲು ಯಾವುದನ್ನು ಕೊಡಲೂ ಹೆದರಿಕೆ, ಈಗ ಕೊಡಲು ಅಂಗಡಿಯಲ್ಲಿ ಏನೂ ಉಳಿದಿಲ್ಲ.

ನಾನು ನಿವೃತ್ತನಾದೆ. ಶಾಲು, ತೆಂಗಿನಕಾಯಿ ಕೊಟ್ಟರು. ದಿಗಂಬರ ಶೇಠರು ಭಾಷಣ ಮಾಡಿ, ‘ಕಲ್ಲಪ್ಪ ಎಂದೂ ತಲೆ ಓಡಿಸಲಿಲ್ಲ’ ಎಂದು ಕಣ್ಣು ಒರೆಸಿಕೊಂಡರು. ಈಗ ಪೊಟ್ಟಣಗಳ ಮೇಲೆ ಚೌಕದ ಕ್ಯೂಆರ್ ಕೋಡು ಬಂದಿದೆ. ಮೊಬೈಲ್ ಹಿಡಿದರೆ ಒಳಗಿನ ವಿವರವೆಲ್ಲ ತೋರಿಸಬೇಕು. ಮೊನ್ನೆ ಒಂದು ಚಿವಡಾದ ಪೊಟ್ಟಣಕ್ಕೆ ಹಿಡಿದೆ, ದುಡ್ಡು ಎಷ್ಟು ಕಳಿಸುತ್ತೀರಿ ಎಂದು ಕೇಳಿತು. ಅಂಗಡಿಯವನ ಗಲ್ಲೆಯ ಮೇಲಿನ ಕೋಡನ್ನೇ ಹಾಕಿಸಿಬಿಟ್ಟಿದ್ದರು. ತಂತ್ರಜ್ಞಾನ ಮುಂದುವರಿದಿದೆ ಎಂಬುದರಲ್ಲಿ ಸಂಶಯವಿಲ್ಲ.

ನಾನು ಛಾಪಖಾನೆ ಬಿಟ್ಟರೂ ಪೊಟ್ಟಣಗಳು ನನ್ನನ್ನು ಬಿಡಲಿಲ್ಲ. ಹಳೆಯ ಲೇಬಲ್ ನೋಡಿ ಹೊಸದನ್ನು ಮಾಡುವವರು ಕೊನೆಯ ಸಾಲಿನ ನನ್ನ ನಂಬರನ್ನೂ ನಿಷ್ಠೆಯಿಂದ ನಕಲು ಮಾಡುತ್ತಾರೆ. ನಾನು ಕಂಡಿಲ್ಲದ ತಿಂಡಿಗಳ ದೂರು ನನಗೆ ಬರುತ್ತದೆ.

ಕಳೆದ ವಾರ ಬಂದ ಫೋನು ಗೌರಿಯದು. ಈಗ ಮೇಲಿನ ತರಗತಿಯಲ್ಲಿದ್ದಾಳೆ, ಲೇಬಲ್ಲುಗಳನ್ನು ತಾನೇ ಓದುತ್ತಾಳೆ.

‘ಅಜ್ಜಾ, ಶಾಲ್ಯಾಗಿಂದ ಸಹಲ್‌ಗೆ ಹೊಂಟೀವಿ. ಉದಗೀರ ಕಿಲ್ಲಾ ನೋಡಾಕ. ಎಲ್ಲಾರೂ ಜೋಳದ ಚಕ್ಕಲಿ ಪುಡಿಕಿ ತಗೊಂಡಾರ. ಇದರ ಮ್ಯಾಲ ಕೆಂಪ ಡಬ್ಬಿ ಅದ. ಖರೇನ ಶೇಂಗಾ ಅದನೋ, ಬರೇ ಛಾಪಸ್ಯಾರೋ?’

‘ಯಾವೂರದು ಅದ?’

‘ಉದಗೀರದ್ದೇ. ನಂಬರ್ ನಿಮ್ಮದೇ ಅದ.’

‘ನನಗ ಗೊತ್ತಿಲ್ಲವ್ವಾ. ನಾ ಬಿಟ್ಟು ಭಾಳ ದಿನ ಆತು. ಗೊತ್ತಿಲ್ದದ್ದು ತಿನ್ನಬ್ಯಾಡ ತಾಯಿ.’

ಅವಳು ಹೇಳಿದಳು: ‘ತಿನ್ನಬ್ಯಾಡ ಅಂತ ಎಲ್ಲಾರೂ ಹೇಳ್ತಾರಜ್ಜಾ. ಅವ್ವ ಹೇಳ್ತಾಳ, ಡಾಕ್ಟರ್ ಹೇಳ್ತಾರ, ಬಾಜೂಕಿನ ಹುಡುಗಿ ಭೀ ಹೇಳ್ತಾಳ. ಅದನ್ನ ಕೇಳಾಕ ನಿಮಗ ಯಾಕ ಫೋನ್ ಮಾಡ್ಲಿ? ತಿನ್ನು ಅಂತ ಹೇಳವ್ರು ಒಬ್ಬರರ ಬೇಕಲ್ಲ. ಹೋಗಿ ಕೇಳಕೊಂಡ ಬರ್ರಿ.’

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರೇ, ಬಣ್ಣ ಹೊಂದಿಸುವುದನ್ನು ನಿಮಗೆ ಯಾರು ಬೇಕಾದರೂ ಕಲಿಸುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಂಡು ಉದಗೀರದ ಬಸ್ಸಿಗೆ ಹೋದೆ.